ಇಪ್ಪತ್ತೇಳನೇ ಬಿಲ್ಲೆ

ಜನವರಿ ೧೨

ದೊಡ್ಡಮ್ಮ,

ಕಿವಿಗೆ ಯಂತ್ರ ಹಾಕಿಕೋ ಎಂದರೆ ನೀನು ಹಾಕಿಕೊಳ್ಳುವವಳಲ್ಲ, ಫೋನಿನಲ್ಲಿ ಕಿರುಚಿ ನನ್ನ ಗಂಟಲು ಹೋಯಿತು. ಇನ್ನು ಮೇಲೆ ಕಾಗದವೇ ಗತಿ.

ಹೊಸ ಕೆಲಸ ಸಿಕ್ಕಿದೆ. ಎಲ್ಲಿ ಅಂತ ಕೇಳು. ನೀನೂ ಅಮ್ಮನೂ ಹುಟ್ಟಿದ ಊರಿನಲ್ಲೇ, ಬಂದರಿನ ಡೈವಿಂಗ್ ಶಾಲೆಯಲ್ಲಿ. ಅಮ್ಮ ಇದ್ದಿದ್ದರೆ ಅಲ್ಲಿಗೆ ಯಾಕೆ ಹೋಗಿ ಬಿದ್ದೆ ಎಂದು ಬೈಯುತ್ತಿದ್ದಳು. ಅವಳ ಬದಲು ಆ ಕೆಲಸ ನೀನೇ ಮಾಡಬಹುದು.

ಪ್ರವಾಸಿಗಳನ್ನು ನೀರಿನ ಕೆಳಗಿನ ಸ್ಮಾರಕಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಐವತ್ತು ವರ್ಷದ ಹಿಂದೆ ದ್ವೀಪದ ಹಗ್ಗದ ಕಾರ್ಖಾನೆಗೆ ಹೋಗುತ್ತಿದ್ದ ಬೆಳಗಿನ ಪಾಳಿಯ ದೋಣಿ ಮುಳುಗಿತಲ್ಲ, ಅದರದ್ದು. ನೀನು ಆ ಕಾರ್ಖಾನೆಯಲ್ಲಿದ್ದೆ ಎಂದು ಅಮ್ಮ ಹೇಳಿದ್ದು ನೆನಪಿದೆ. ದೋಣಿ ಇನ್ನೂ ಅಲ್ಲೇ ಇದೆ, ಹದಿನೆಂಟು ಮೀಟರ್ ಕೆಳಗೆ, ಒಂದು ಮಗ್ಗುಲಾಗಿ ಮಲಗಿದೆ. ಒಬ್ಬರೂ ಉಳಿಯಲಿಲ್ಲ. ಹದಿನಾಲ್ಕು ಮಂದಿಯ ದೇಹ ಕೊನೆಗೂ ಸಿಗಲಿಲ್ಲ.

ಪಕ್ಕದಲ್ಲಿ ಒಂದು ಕಾಂಕ್ರೀಟ್ ಗೋಡೆ ಕಟ್ಟಿ, ದೋಣಿಯ ಬಿಲ್ಲೆ ಹಲಗೆ ಇದ್ದ ಹಾಗೆಯೇ ಬಿಲ್ಲೆಗಳನ್ನು ಕೂರಿಸಿದ್ದಾರೆ. ನಿನಗೆ ಗೊತ್ತಿರಬೇಕು: ಪ್ರತಿಯೊಬ್ಬರಿಗೂ ನಂಬರಿನ ಹಿತ್ತಾಳೆ ಬಿಲ್ಲೆ, ದೋಣಿ ಹತ್ತಿದ ಕೂಡಲೇ ಹಲಗೆಯ ಕೊಕ್ಕೆಗೆ ನೇತುಹಾಕಬೇಕು, ಅದೇ ಹಾಜರಿ. ದೋಣಿ ಮುಳುಗಿದ ಮೇಲೆ ಹಲಗೆಯೊಂದು ತೇಲಿ ದಡಕ್ಕೆ ಬಂತಂತೆ. ಅದರಲ್ಲಿ ನಲವತ್ತೊಂದು ಬಿಲ್ಲೆ. ಆದರೆ ಗೋಡೆಯ ಮೇಲೆ ಹೆಸರು ನಲವತ್ತೇ. ಇಪ್ಪತ್ತೇಳನೆಯದರ ಕೆಳಗೆ ಏನೂ ಬರೆದಿಲ್ಲ.

ನಮ್ಮ ಮೇಷ್ಟ್ರು, ಅಂದರೆ ಶಾಲೆಯ ಮುಖ್ಯ ತರಬೇತುದಾರ, ಕಥೆ ಹೇಳುವುದರಲ್ಲಿ ಗಟ್ಟಿಗ. ಇಪ್ಪತ್ತೇಳರ ಹುಡುಗಿ ಆವತ್ತು ಕೆಲಸಕ್ಕೆ ಚಕ್ಕರ್ ಹೊಡೆದಿದ್ದಳಂತೆ, ಯಾರೋ ಗೆಳತಿ ಅವಳ ಬಿಲ್ಲೆಯನ್ನು ನೇತುಹಾಕಿದ್ದಳಂತೆ. ಮಾರನೆಯ ದಿನ ಅವಳು ಜೀವಂತ ಬಂದು ನಿಂತಳು. ಅದಕ್ಕೇ ಅದು ಅದೃಷ್ಟದ ಬಿಲ್ಲೆ. ಕೆಳಗಿಳಿದವರೆಲ್ಲ ಅದನ್ನು ಮೂರು ಸಲ ಉಜ್ಜಿ ಬರುತ್ತಾರೆ. ಮಿಕ್ಕ ನಲವತ್ತಕ್ಕೆ ಪಾಚಿ ಹಿಡಿಯುತ್ತದೆ, ನಾನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಅದೊಂದು ಮಾತ್ರ ಫಳಫಳ ಹೊಳೆಯುತ್ತದೆ.

ಆ ಸೋಮಾರಿ ಅದೃಷ್ಟವಂತೆ ಯಾರು ಅಂತ ನಿನಗೇನಾದರೂ ಗೊತ್ತಾ?

ಇನ್ನೊಂದು ವಿಷಯ, ನಗಬೇಡ. ನೀರಿನ ಕೆಳಗೆ ನಮ್ಮ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಆ ಗೋಡೆಯ ಹತ್ತಿರ ಒಬ್ಬಳೇ ಇದ್ದಾಗ ನನಗೆ ಎರಡು ಉಸಿರು ಕೇಳಿಸುತ್ತದೆ. ದೋಣಿಯ ತಗಡಿಗೆ ಬಡಿದು ವಾಪಸ್ ಬರುವ ಸದ್ದು ಎನ್ನುತ್ತಾರೆ ಮೇಷ್ಟ್ರು. ಇರಬಹುದು. ಆದರೆ ಅದು ನನ್ನ ಉಸಿರಿಗಿಂತ ಜೋರಾಗಿ ಓಡುತ್ತದೆ.

ನಿನ್ನ ಮಗಳು


ಜನವರಿ ೨೪

ಮಗಳೇ,

ಕಾಗದ ಮುಟ್ಟಿತು. ನೀರಿನಿಂದ ಬಂದ ಮೇಲೆ ಕಿವಿ ಒರೆಸಿಕೋ, ಹತ್ತಿಯ ಕಡ್ಡಿ ಒಳಗೆ ಹಾಕಬೇಡ. ನೆಗಡಿ ಇದ್ದ ದಿನ ಇಳಿಯಬೇಡ, ಕಿವಿಯ ತಮಟೆ ಒಡೆದು ಬಂದವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಉಸಿರು ಎರಡು ಕೇಳಿಸುವುದು ಸುಸ್ತಿಗೆ. ನಿದ್ದೆ ಮಾಡು, ಕಬ್ಬಿಣದ ಮಾತ್ರೆ ತೆಗೆದುಕೋ.

ಇಲ್ಲಿ ಬಚ್ಚಲ ನಲ್ಲಿ ಸೋರುತ್ತಿದೆ. ರಿಪೇರಿಯವನು ಮೂರು ಸಲ ಬಂದು ನೋಡಿ ತಲೆ ಕೆರೆದುಕೊಂಡು ಹೋದ. ನಾಲ್ಕನೇ ಮಹಡಿಗೆ ಹತ್ತಿದ್ದಕ್ಕೆ ಚಹಾ ಮಾತ್ರ ಕುಡಿದು ಹೋದ.

ಆ ಕಾರ್ಖಾನೆಯಲ್ಲಿ ನಾನಿದ್ದದ್ದು ಸ್ವಲ್ಪವೇ ದಿನ. ಯಾರ ನಂಬರು ಯಾವುದು ಅಂತ ಯಾರಿಗೆ ನೆನಪಿರುತ್ತದೆ. ಬೇರೆ ಊರಿನಲ್ಲಿ ಕೆಲಸ ನೋಡಿಕೊಳ್ಳಬಾರದಿತ್ತೇ?

ಜನ ಅದನ್ನು ಉಜ್ಜುತ್ತಾರೆ ಎಂದೆಯಲ್ಲ. ದಿನಕ್ಕೆ ಎಷ್ಟು ಜನ? ನಂಬರು ಇನ್ನೂ ಓದಲು ಬರುತ್ತದೆಯೇ? ಸಿಗದೇ ಹೋದ ಹದಿನಾಲ್ಕು ಜನ ದೋಣಿಯ ಒಳಗೇ ಇದ್ದಾರೆಯೇ? ಸುಮ್ಮನೆ ಕೇಳಿದೆ.

ದೊಡ್ಡಮ್ಮ


ಫೆಬ್ರವರಿ ೬

ದೊಡ್ಡಮ್ಮ,

ಊರು ಬಿಡು ಎನ್ನುತ್ತೀಯ, ಆಮೇಲೆ ಮೂರು ಪ್ರಶ್ನೆ ಕೇಳುತ್ತೀಯ. ಇರಲಿ, ಉತ್ತರ ತೆಗೆದುಕೋ.

ಸೀಸನ್ನಿನಲ್ಲಿ ದಿನಕ್ಕೆ ಇಪ್ಪತ್ತು ಜನ ಉಜ್ಜುತ್ತಾರೆ. ಎರಡು ಎಂಬ ಅಂಕಿ ಅಳಿಸಿಯೇ ಹೋಗಿದೆ, ಏಳು ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ದೋಣಿಯ ಒಳಗೆ ಯಾರೂ ಇಲ್ಲ, ಬರೀ ಹೂಳು. ಒಳಗೆ ಹೋಗಲು ನಮಗೆ ಅನುಮತಿಯೂ ಇಲ್ಲ.

ಹೋದ ವಾರ ಒಂದು ಕಥೆ ಆಯಿತು. ಗುಂಪಿನವನೊಬ್ಬ ಬಿಲ್ಲೆ ಉಜ್ಜುವ ಆತುರದಲ್ಲಿ ಕಾಲಿಗೆ ಹಾಕಿದ ಈಜುರೆಕ್ಕೆ ಬಡಿದು ಹೂಳೆಲ್ಲ ಎಬ್ಬಿಸಿದ. ನನ್ನ ಕೈಯೇ ನನಗೆ ಕಾಣದು. ಅಂಥ ಹೊತ್ತಿನಲ್ಲಿ ಓಡಾಡದೆ ಏನಾದರೂ ಗಟ್ಟಿಯಾಗಿ ಹಿಡಿದು ನಿಲ್ಲಬೇಕು ಅಂತ ನಿಯಮ. ಗೋಡೆ ಹಿಡಿದೆ. ನನ್ನ ಕೈ ಮೇಲೆ ಯಾರೋ ಕೈ ಇಟ್ಟರು. ಗುಂಪಿನವರು ಅಂದುಕೊಂಡು ಬೆರಳು ಒತ್ತಿ ಧೈರ್ಯ ಹೇಳಿದೆ. ಅವರೂ ಒತ್ತಿದರು. ತಿಳಿಯಾದ ಮೇಲೆ ನೋಡಿದರೆ ಗುಂಪು ಪೂರ್ತಿ ಹತ್ತು ಮೀಟರ್ ಆಚೆ ಹಗ್ಗ ಹಿಡಿದುಕೊಂಡು ನಿಂತಿತ್ತು. ಯಾರೋ ಬಂದು ಹೋಗಿರಬೇಕು. ನಾನು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಬೈಯಬೇಡ.

ಈ ಗಲಾಟೆಯಿಂದ ಸ್ಮಾರಕ ಸಮಿತಿಯವರಿಗೆ ರೋಸಿಹೋಗಿದೆ. ಸತ್ತವರ ಗೋಡೆಯ ಮೇಲೆ ಬದುಕಿದವಳ ಬಿಲ್ಲೆ ಯಾಕೆ, ಜಾತ್ರೆ ಯಾಕೆ ಎನ್ನುತ್ತಿದ್ದಾರೆ. ಐವತ್ತನೇ ವರ್ಷಕ್ಕೆ ಗೋಡೆ ಹೊಸದು ಮಾಡುವಾಗ ಅದನ್ನು ಕಿತ್ತು ಕಚೇರಿಯ ಗಾಜಿನ ಕಪಾಟಿನಲ್ಲಿಡುತ್ತಾರೆ. ಮಾರ್ಚ್ ಹತ್ತಕ್ಕೆ ದಿನ ಗೊತ್ತುಮಾಡಿದ್ದಾರೆ. ಕೀಳುವ ಕೆಲಸ ನನಗೇ ಬಂದಿದೆ, ನನ್ನ ಕೈ ಸಣ್ಣದಂತೆ.

ನಿನ್ನ ಮಗಳು


ಫೆಬ್ರವರಿ ೧೫

ಮಗಳೇ,

ಅದನ್ನು ಕೀಳಬೇಡ. ಕೀಳಲು ಬಿಡಬೇಡ. ಇದ್ದಲ್ಲಿಯೇ ಇರಲಿ.

ದೊಡ್ಡಮ್ಮ


ಫೆಬ್ರವರಿ ೨೪

ದೊಡ್ಡಮ್ಮಾ, ಕಳ್ಳೀ,

ನಿನ್ನ ಒಂದು ಸಾಲಿನ ಕಾಗದ ನೋಡಿ ನನಗೆ ಗುಮಾನಿ ಬಂತು. ನಿನ್ನೆ ಸಮಿತಿಯ ಕಚೇರಿಗೆ ಹೋಗಿ ಹಳೇ ಪಟ್ಟಿ ತೆಗೆಸಿದೆ. ದೋಣಿ ಮುಳುಗಿದ ದಿನ ಕಾರ್ಖಾನೆಯ ಗೇಟಿಗೆ ಅಂಟಿಸಿದ್ದ ಪಟ್ಟಿ, ಅಂಚೆಲ್ಲ ಇಲಿ ತಿಂದಿದೆ. ಇಪ್ಪತ್ತೇಳರ ಮುಂದೆ ಕೆಂಪು ಶಾಯಿಯ ಗೀಟು. ಗೀಟಿನ ಕೆಳಗೆ ನಿನ್ನ ಹೆಸರು!

ನೀನು ಆ ದೋಣಿಯಲ್ಲಿರಬೇಕಾಗಿತ್ತು. ನಿನ್ನನ್ನು ಸತ್ತವರ ಪಟ್ಟಿಗೆ ಸೇರಿಸಿದ್ದರು. ಇಷ್ಟು ದೊಡ್ಡ ಸಂಗತಿಯನ್ನು ನೀನೂ ಹೇಳಲಿಲ್ಲ, ಅಮ್ಮನೂ ಬಾಯಿ ಬಿಡಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಮೇಷ್ಟ್ರಿಗೆ ಹೇಳಿಬಿಟ್ಟೆ. ಅವರು ಕುಣಿದಾಡಿದರು.

ಬಿಲ್ಲೆ ಗೋಡೆಯ ಮೇಲೇ ಇರಲಿ ಅಂತ ನೀನು ಹಟ ಮಾಡುವುದು ಈಗ ಅರ್ಥವಾಯಿತು. ನಿನ್ನದಲ್ಲವಾ! ಆದರೆ ಕಪಾಟಿನಲ್ಲಿಟ್ಟರೆ ಇನ್ನೂ ಮರ್ಯಾದೆ. ಹತ್ತನೇ ತಾರೀಕು ನೀನೇ ಬರಬೇಕು. ನಾನು ಮೇಲೆ ತರುತ್ತೇನೆ, ಸಮಿತಿಯವರು ಅದನ್ನು ನಿನ್ನ ಕೈಗೆ ಕೊಡುತ್ತಾರೆ, ನೀನು ನಾಲ್ಕು ಮಾತಾಡಬೇಕು. ರೈಲಿನ ಟಿಕೆಟ್ ಇದರ ಜೊತೆ ಇದೆ. ಕೆಳಗಿನ ಬರ್ತ್.

ನಿಮ್ಮ ಮನೆಯಲ್ಲಿ ತಪ್ಪಿಸಿಕೊಳ್ಳುವುದು ರಕ್ತದಲ್ಲೇ ಇದೆ ನೋಡು. ನೀನು ಸಮುದ್ರದಿಂದ ತಪ್ಪಿಸಿಕೊಂಡೆ, ನಿನ್ನ ತಂಗಿ ಚಿಟಿಕೆ ದೊಡ್ಡಮ್ಮ ಮನೆಯಿಂದಲೇ ತಪ್ಪಿಸಿಕೊಂಡು ಯಾರ ಜೊತೆಗೋ ಓಡಿಹೋದಳು. ಏನೂ ಮಾಡದೆ ಮನೆಯಲ್ಲಿ ಕೂತವಳು ಕೊನೆಯವಳಾದ ನಮ್ಮಮ್ಮ ಒಬ್ಬಳೇ.

ನಿನ್ನ ಮಗಳು


ಮಾರ್ಚ್ ೪

ಮಗಳೇ,

ಟಿಕೆಟ್ ವಾಪಸ್ ಕಳಿಸಿದ್ದೇನೆ. ಇದನ್ನು ಕೂತು ಓದು.

ಆ ತಿಂಗಳು ನಾನು ಎರಡು ದಿನ ರಜೆ ಹಾಕಿದ್ದೆ. ಮೂರನೇ ದಿನ ಬಿಲ್ಲೆ ಬೀಳದಿದ್ದರೆ ಕೆಲಸ ಹೋಗುತ್ತಿತ್ತು. ಅದೇ ದಿನ ನಾಲ್ಕು ಗಂಟೆ ದಾರಿಯ ಊರಿನಲ್ಲಿ ನರ್ಸ್ ತರಬೇತಿಯ ಸಂದರ್ಶನ. ಅಲ್ಲಿ ಸಿಗದೆ, ಇಲ್ಲಿಯೂ ಹೋದರೆ ಮನೆ ನಡೆಯುವುದು ಹೇಗೆ? ನಿನ್ನ ಅಜ್ಜಿಯ ಹೊಲಿಗೆಯಿಂದ ನಾಲ್ಕು ಹೊಟ್ಟೆ ತುಂಬುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಮುಖ ಯಾರೂ ನೋಡುತ್ತಿರಲಿಲ್ಲ, ಬಿಲ್ಲೆ ನೋಡುತ್ತಿದ್ದರು. ಕೈಲಾಗದ ದಿನ ತಂಗಿಯನ್ನೋ ಮಗಳನ್ನೋ ಕಳಿಸುವುದು ಎಲ್ಲರೂ ಮಾಡುತ್ತಿದ್ದ ಉಪಾಯ.

ನಾನು ಚಿಟಿಕೆಯನ್ನು ಕಳಿಸಿದೆ.

ಅವಳಿಗೆ ಹದಿನೈದು. ಹುಟ್ಟುವಾಗ ಒಂದು ಚಿಟಿಕೆಯಷ್ಟಿದ್ದಳು ಅಂತ ಆ ಹೆಸರು. ನನ್ನ ಸ್ಕಾರ್ಫ್ ಕಟ್ಟಿಕೊಂಡಳು. ಹಗ್ಗ ನೂಲುವ ಯಂತ್ರ ನೋಡಬೇಕು ಅಂತ ಅವಳಿಗೆ ಬಹಳ ದಿನದ ಆಸೆ. ನಗುತ್ತಾ ಹೋದಳು. ಅಜ್ಜಿಗೆ ಇಬ್ಬರೂ ಹೇಳಲಿಲ್ಲ.

ನನ್ನನ್ನು ಆರಿಸಿದರು. ಮಾರನೆಯ ಸಂಜೆ ಬಸ್ಸಿಳಿದು ಬಂದರೆ ನಮ್ಮ ಬಾಗಿಲಲ್ಲಿ ಜನ. ನಿನ್ನ ಅಜ್ಜಿ ನನ್ನನ್ನು ನೋಡಿ ಕಿರುಚಿದಳು. ತಲೆಯಿಂದ ಕಾಲಿನವರೆಗೆ ತಡವಿ ನೋಡಿದಳು. ಆಮೇಲೆ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ನಾನು ನೋಡಿರಲಿಲ್ಲ. ನಗುತ್ತಲೇ, "ಚಿಟಿಕೆ ಎಲ್ಲಿ, ನಿನ್ ಜೊತೆ ಬಂದಿದ್ಳಾ?" ಅಂದಳು.

ಒಂದು ಗಂಟೆ ತಡೆದು ಹೇಳೋಣ ಅಂದುಕೊಂಡೆ. ಅವಳು ಒಂದು ಸಾವಿನಿಂದ ಈಗಷ್ಟೇ ಎದ್ದಿದ್ದಳು. "ಅವಳು ಒಬ್ಬ ಹುಡುಗನ ಜೊತೆ ಹೋದ್ಲು, ಹೇಳ್ಬೇಡ ಅಂದಿದ್ಲು" ಅಂದೆ. ಅದು ಹೇಗೆ ನನ್ನ ಬಾಯಿಗೆ ಬಂತೋ ಗೊತ್ತಿಲ್ಲ. ಅಜ್ಜಿ ನನ್ನ ಕೆನ್ನೆಗೆ ಹೊಡೆದಳು. ಚಿಟಿಕೆಯನ್ನು ಬೈಯುತ್ತಾ ಬೈಯುತ್ತಾ ಊಟ ಮಾಡಿದಳು. ಎರಡು ದಿನದಿಂದ ಉಂಡಿರಲಿಲ್ಲ. ಉಣ್ಣಲಿ ಅಂತ ನಾನು ಸುಮ್ಮನಾದೆ.

ಆಮೇಲೆ ಹೇಳಲು ಆಗಲೇ ಇಲ್ಲ. ಯಾರೋ ಗೆಳತಿ ನನ್ನ ಬಿಲ್ಲೆ ನೇತುಹಾಕಿರಬೇಕು ಎಂದು ಕಾರ್ಖಾನೆಯವರೇ ತೀರ್ಮಾನಿಸಿ ಗೀಟು ಹೊಡೆದರು. ನಾನು ತಲೆ ಅಲ್ಲಾಡಿಸಿದೆ. ಅಜ್ಜಿ ಕೊರಗತೊಡಗಿದಾಗ ಚಿಟಿಕೆ ಬರೆದಂತೆ ಕಾಗದ ಬರೆದೆ, ಎಡಗೈಯಲ್ಲಿ. ಗುಣವಾಗಿ ಮನೆಗೆ ಹೋಗುವ ರೋಗಿಗಳ ಕೈಗೆ ಕೊಟ್ಟು ಅವರವರ ಊರಿನಿಂದ ಅಂಚೆಗೆ ಹಾಕಿಸುತ್ತಿದ್ದೆ. ಅಜ್ಜಿಗೆ ಓದು ಬರದು, ನಿನ್ನ ಅಮ್ಮ ಓದಿ ಹೇಳುತ್ತಿದ್ದಳು. ಚಿಟಿಕೆಗೆ ಮನೆಯಾಯಿತು, ಇಬ್ಬರು ಮಕ್ಕಳಾದರು. ಅಜ್ಜಿ ಸತ್ತ ಮೇಲೆ ನಿಲ್ಲಿಸಿದೆ.

ಅವಳು ಅಲ್ಲಿದ್ದಳು ಎನ್ನುವುದಕ್ಕೆ ಈ ಲೋಕದಲ್ಲಿ ಇರುವುದು ಆ ಬಿಲ್ಲೆ ಒಂದೇ. ಅದನ್ನು ಕೀಳಬೇಡ.

ದೊಡ್ಡಮ್ಮ


ಮಾರ್ಚ್ ೧೧

ದೊಡ್ಡಮ್ಮನವರಿಗೆ,

ನಿಮ್ಮ ಕಾಗದ ನಿನ್ನೆ ಸಾಯಂಕಾಲ ಬಂತು. ಬೆಳಿಗ್ಗೆ ಹತ್ತೂವರೆಗೆ ನಾನು ಅದನ್ನು ಕಿತ್ತಾಗಿತ್ತು.

ಉಳಿಯಿಂದ ನಾಲ್ಕು ಏಟು ಸಾಕಾಯಿತು. ಕಿತ್ತುಕೊಂಡು ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು, ಅದು ನಮ್ಮ ನಿಯಮ. ಆ ಮೂರು ನಿಮಿಷವೂ ಬಿಲ್ಲೆ ಕೈಗವಸಿನೊಳಗಿತ್ತು. ಮೇಲೆ ಬಂದರೆ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ನಾನು ನಗುತ್ತಿದ್ದೇನೆ ಅದರಲ್ಲಿ.

ಓಡಿಹೋದವಳ ತಂಗಿ ಅಂತ ಅಮ್ಮನಿಗೆ ಎರಡು ಸಂಬಂಧ ತಪ್ಪಿಹೋದವು, ನಿಮಗೆ ಗೊತ್ತು. ಬಸ್ ನಿಲ್ದಾಣದಲ್ಲಿ ಸಣ್ಣ ಆಳಿನ ಹೆಂಗಸು ಕಂಡರೆ ಅಮ್ಮ ಹಿಂದೆ ಹೋಗಿ ಮುಖ ನೋಡಿ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ಕೇಳಿದ್ದು, "ಚಿಟಿಕೆಗೆ ಹೇಳಿ ಕಳಿಸಿದ್ರಾ?" ಅಂತ. ನೀವು ಪಕ್ಕದಲ್ಲೇ ಕೂತಿದ್ದಿರಿ. "ಕಳಿಸಿದೀವಿ" ಅಂದಿರಿ.

ನನಗೆ ಇಬ್ಬರು ಅಣ್ಣಂದಿರಿದ್ದಾರೆ ಎಂದು ನಂಬಿ ಬೆಳೆದೆ. ಅವರ ಹೆಸರು, ಯಾರಿಗೆ ಲೆಕ್ಕ ಬರುವುದಿಲ್ಲ, ಯಾರಿಗೆ ಬೆಕ್ಕು ಕಂಡರೆ ಆಗುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಒಬ್ಬಳೇ ಮಗಳಾದ ನಾನು ಶಾಲೆಯಲ್ಲಿ ಅವರ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನೀವು ಹುಟ್ಟಿಸಿದ ಆ ಮಕ್ಕಳನ್ನು ನಾನೀಗ ಎಲ್ಲಿ ಬಿಡಲಿ?

ಎಷ್ಟು ನೂರು ಜನಕ್ಕೆ ನಾನೇ ಹೇಳಿದ್ದೇನೆ, ಉಜ್ಜಿ, ಒಳ್ಳೆಯದಾಗುತ್ತದೆ ಅಂತ.

ಸಮಿತಿಯವರಿಗೆ ಬಾಯಿಮಾತಿನಲ್ಲಿ ಹೇಳಿದೆ. ಬರಹದಲ್ಲಿ ಬೇಕಂತೆ, ಕಳಿಸಿದವರ ಸಹಿ ಸಮೇತ. ಗೋಡೆಯ ಕೆಲಸ ತಿಂಗಳ ಕೊನೆಗೆ ಮುಗಿಯುತ್ತದೆ. ಆಮೇಲೆ ಯಾರ ಹೆಸರನ್ನೂ ಸೇರಿಸುವುದಿಲ್ಲ. ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಮ್ಮ ತಂಗಿಯ ಮಗಳು


ಮಾರ್ಚ್ ೧೭

ಸ್ಮಾರಕ ಸಮಿತಿಯವರಿಗೆ,

ಇಪ್ಪತ್ತೇಳನೇ ನಂಬರಿನ ಬಿಲ್ಲೆ ನನ್ನದು. ಆ ದಿನ ಅದನ್ನು ಹಲಗೆಗೆ ಹಾಕಿದವಳು ನನ್ನ ಗೆಳತಿಯಲ್ಲ, ನನ್ನ ತಂಗಿ. ವಯಸ್ಸು ಹದಿನೈದು. ನನ್ನ ಬದಲು ನಾನೇ ಕಳಿಸಿದೆ. ಅವಳು ಯಾರ ಜೊತೆಯೂ ಓಡಿಹೋಗಲಿಲ್ಲ. ಅವಳು ಸತ್ತ ಸುದ್ದಿಯನ್ನು ನಾನು ಐವತ್ತು ವರ್ಷ ಮುಚ್ಚಿಟ್ಟೆ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಸತ್ತವರು ನಲವತ್ತೊಂದು. ಅವಳ ಹೆಸರನ್ನು ಪ್ರತ್ಯೇಕ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ದಯವಿಟ್ಟು ಕೆತ್ತಿಸಬೇಕು.

ಸಹಿ,
ನಿವೃತ್ತ ಹಿರಿಯ ದಾದಿ


ಏಪ್ರಿಲ್ ೧೬

ದೊಡ್ಡಮ್ಮ,

ಒಂದು ತಿಂಗಳು ಬರೆಯಲಿಲ್ಲ. ಸಿಟ್ಟು ಹೋಗಿಲ್ಲ, ಆದರೆ ಬರೆಯದಿದ್ದರೆ ನೀನು ನಾಲ್ಕನೇ ಮಹಡಿಯಲ್ಲಿ ಊಟ ಬಿಟ್ಟು ಕೂತಿರುತ್ತೀಯ ಎಂದು ಬರೆಯುತ್ತಿದ್ದೇನೆ.

ಹೋದ ತಿಂಗಳ ಕೊನೆಯಲ್ಲಿ ಬಿಲ್ಲೆಯನ್ನು ವಾಪಸ್ ಕೂರಿಸಿದೆವು. ನಾನು ಹಿಡಿದುಕೊಂಡೆ, ಮೇಷ್ಟ್ರು ಗಾರೆ ಮೆತ್ತಿದರು. ಕೆಳಗೆ ಚಿಟಿಕೆ ದೊಡ್ಡಮ್ಮನ ಹೆಸರು, ಹದಿನೈದು ಅಂತ ವಯಸ್ಸು. ಪಟ್ಟಿಯಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳೇ. ಮೇಷ್ಟ್ರು ಮೇಲೆ ಬಂದವರೇ ನಮ್ಮ ದೋಣಿಯ ಅಂಚಿನಲ್ಲಿ ಕೂತು ತುಂಬಾ ಹೊತ್ತು ಮುಖ ಒರೆಸಿಕೊಂಡರು. ಅದೃಷ್ಟದ ಕಥೆ ಕಟ್ಟಿದ್ದು ಅವರೇ ತಾನೇ.

ಈಗ ಯಾರೂ ಉಜ್ಜುವುದಿಲ್ಲ. ಅದೃಷ್ಟದ ಬಿಲ್ಲೆ ಎಲ್ಲಿ ಅಂತ ಕೆಲವರು ಇನ್ನೂ ಕೇಳುತ್ತಾರೆ. ಅಂಥದ್ದು ಇಲ್ಲಿ ಇರಲೇ ಇಲ್ಲ ಅನ್ನುತ್ತೇನೆ. ಇಳಿಯುವ ಮುಂಚೆ ಚಿಟಿಕೆ ದೊಡ್ಡಮ್ಮನ ವಿಷಯ ನಾನೇ ಹೇಳುತ್ತೇನೆ. ಅಕ್ಕನ ಸ್ಕಾರ್ಫ್ ಕಟ್ಟಿಕೊಂಡು, ಯಂತ್ರ ನೋಡುವ ಆಸೆಗೆ ನಗುತ್ತಾ ಹೋದಳು ಅಂತ. ಕೇಳಿದವರ ಕಣ್ಣು ತುಂಬುತ್ತದೆ. ನನಗೂ ಆ ಒಂದು ಮಾತೇ ಆಸರೆ ದೊಡ್ಡಮ್ಮ. ಕೊನೆಗೆ ಏನಾಯಿತೋ, ಹೋಗುವಾಗಲಾದರೂ ನಗುತ್ತಿದ್ದಳಲ್ಲ. ಹೊಸ ಫಲಕದಲ್ಲಿ ಆ ಸಾಲನ್ನೂ ಹಾಕಿಸೋಣ ಎನ್ನುತ್ತಿದ್ದಾರೆ.

ಎರಡನೇ ಉಸಿರು ನಿಂತುಹೋಯಿತು ಎಂದು ಬರೆದರೆ ನಿನಗೆ ಸಮಾಧಾನವಾಗುತ್ತಿತ್ತು. ನಿಂತಿಲ್ಲ. ಅವಳ ಹೆಸರು ಕೆತ್ತಿದ ಮೇಲೂ ಅದು ಹಾಗೇ ಏದುಸಿರು ಬಿಡುತ್ತದೆ, ಹೆದರಿದವರ ಹಾಗೆ.

ನಿನ್ನ ಮಗಳು


ಏಪ್ರಿಲ್ ೨೫

ಮಗಳೇ,

ಫಲಕದಲ್ಲಿ ಆ ಸಾಲು ಹಾಕಿಸಬೇಡ. ಜನಕ್ಕೂ ಹೇಳಬೇಡ.

ಒಳಗೆ ಇನ್ನೊಂದು ಕಾಗದ ಇದೆ, ಅದು ನಿನಗಲ್ಲ. ಲಕೋಟೆ ಅಂಟಿಸಿಲ್ಲ. ಓದಿಕೊಂಡೇ ಕೆಳಗೆ ಒಯ್ಯಿ. ಓದಿದ ಮೇಲೆ ನನಗೆ ಬರೆಯದಿದ್ದರೂ ಊಟ ಬಿಡುವುದಿಲ್ಲ, ಚಿಂತೆ ಬೇಡ.

ದೊಡ್ಡಮ್ಮ


ಚಿಟಿಕೆ,

ನಿನ್ನ ಹೆಸರಿನಲ್ಲಿ ಮೂವತ್ತೊಂದು ಕಾಗದ ಬರೆದೆ. ನಿನಗೆ ಇದೇ ಮೊದಲನೆಯದು.

ನೀನು ನಗುತ್ತಾ ಹೋಗಲಿಲ್ಲ. ಯಂತ್ರ ನೋಡುವ ಆಸೆ ನಿನಗೆ ಯಾವತ್ತೂ ಇರಲಿಲ್ಲ, ಅದನ್ನು ನಾನು ಕಟ್ಟಿದೆ. ನಿನಗೆ ನೀರೆಂದರೆ ಭಯ. ಬಾವಿಯೊಳಗೆ ಬಗ್ಗಿ ನೋಡುತ್ತಿರಲಿಲ್ಲ ನೀನು. ಮನೆಯಿಂದ ದೋಣಿಕಟ್ಟೆಯವರೆಗೆ ದಾರಿಯುದ್ದಕ್ಕೂ ನನ್ನ ಸೆರಗು ಹಿಡಿದುಕೊಂಡು ಬಂದೆ. ದೋಣಿ ಕಂಡ ಕೂಡಲೇ ಕಟ್ಟೆಯ ಕಬ್ಬಿಣದ ಕಂಬ ಹಿಡಿದುಕೊಂಡೆ. "ಬೇಡ ಅಕ್ಕ, ನಂಗೆ ಭಯ ಆಗ್ತಿದೆ, ಬೇಡ" ಅಂದೆ.

ನನ್ನ ಬಸ್ಸಿಗೆ ಹೊತ್ತಾಗಿತ್ತು. ನಿನ್ನ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಿದೆ. ಮೊದಲು ಬಲಗೈ, ಆಮೇಲೆ ಎಡಗೈ. ನೀನು ಮತ್ತೆ ಹಿಡಿದೆ, ನಾನು ಮತ್ತೆ ಬಿಡಿಸಿದೆ. ದೋಣಿಗೆ ಹತ್ತುವ ಹಲಗೆ ದಾಟಿಸಿ, ನಿನ್ನ ಕೈಗೆ ಬಿಲ್ಲೆ ಕೊಟ್ಟು, ತಿರುಗಿ ನೋಡದೆ ಬಂದೆ.

ಸಂದರ್ಶನದಲ್ಲಿ, ಈ ಕೆಲಸ ಯಾಕೆ ಬೇಕು ಅಂತ ಕೇಳಿದರು. ನೋವಿನಲ್ಲಿರುವವರ ಕೈ ಹಿಡಿಯಬೇಕು ಅಂದೆ. ಮೂವತ್ತೆಂಟು ವರ್ಷ ಹಿಡಿದೆ, ಚಿಟಿಕೆ. ಸಾಯುವವರ ಪಕ್ಕ ಕೂತರೆ ಅವರಾಗಿ ಬಿಡುವವರೆಗೆ ಒಬ್ಬರ ಬೆರಳನ್ನೂ ಬಿಡಿಸಲಿಲ್ಲ. ಎಂಥೆಂಥ ಗಟ್ಟಿ ಆಳುಗಳು ಹಿಡಿದರು. ನಿನ್ನಷ್ಟು ಗಟ್ಟಿಯಾಗಿ ಯಾರೂ ಹಿಡಿಯಲಿಲ್ಲ.

ಅಕ್ಕ